ಗಂಟು ಬಿಚ್ಚಿದ ಭಾನುವಾರ

ನಿಮ್ಮ ಮನೆಯ ಗಂಡಸರು ಭಾನುವಾರ ಸುಮ್ಮನೆ ಮಲಗಿದ್ದರೆ ದಯವಿಟ್ಟು ಎಬ್ಬಿಸಬೇಡಿ. ನಾನೂ ಅವತ್ತು ಮಲಗಿಯೇ ಇರಬೇಕಿತ್ತು.

ನಾನು ಚನ್ನಗಿರಿಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. (ಮಾಲೀಕರು ಇಲ್ಲದಾಗ ಮ್ಯಾನೇಜರ್.) ಅಲ್ಲಿ ಬೋಲ್ಟಿಗೊಂದು ಡಬ್ಬ, ನಟ್ಟಿಗೊಂದು ಡಬ್ಬ; ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದ್ದು ಸಿಗುತ್ತದೆ. ಮನೆಯಲ್ಲಿ ಮಾತ್ರ ಸ್ಕ್ರೂಡ್ರೈವರ್ ಬೇಕೆಂದರೆ ಒಗ್ಗರಣೆ ಡಬ್ಬಿಯ ಹಿಂದೆ ತಡಕಾಡಬೇಕು, ಸುತ್ತಿಗೆ ಬೇಕೆಂದರೆ ಮಂಚದ ಕೆಳಗೆ ತೆವಳಬೇಕು. ಇದಕ್ಕೆಲ್ಲ ಮೂಲ ನನ್ನ ಹೆಂಡತಿ ವನಜಾಕ್ಷಿಯ ಹೊಲಿಗೆ ಸಾಮ್ರಾಜ್ಯ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಮದುವೆ ಸೀಜನ್ನಿನಲ್ಲಂತೂ ನಡುಮನೆ ತುಂಬ ಬ್ಲೌಸ್ ಬಟ್ಟೆಯ ಗಂಟುಗಳು.

ಅವಳು ಬಸವಾಪಟ್ಟಣಕ್ಕೆ ತೊಟ್ಟಿಲು ಕಾರ್ಯಕ್ಕೆ ಹೋಗಿದ್ದೇ ತಡ, ನನ್ನ ಗೃಹೋದ್ಧಾರ ಯೋಜನೆ ಶುರುವಾಯಿತು. ಒಂದು ಪೈಸೆ ಖರ್ಚಿಲ್ಲ! ಪೈಪಿನ ತುಂಡುಗಳನ್ನು ಗೋಡೆಗೆ ಬಡಿದು ಸ್ಕ್ರೂಡ್ರೈವರ್, ಇಕ್ಕಳ, ಪಾನಾ ನಿಲ್ಲಿಸಿದೆ. ಉಪ್ಪಿನಕಾಯಿ ಬಾಟಲಿಗಳಿಗೆ ಗುಂಡಿ, ಹುಕ್ಕು. ಮೊಟ್ಟೆ ಟ್ರೇಗೆ ದಾರದ ರೀಲುಗಳು. ನನ್ನ ಹಳೇ ಪ್ಯಾಂಟನ್ನು ಗೋಡೆಗೆ ನೇತುಹಾಕಿ, ಅದರ ಜೇಬಿಗೆ ಸೂಜಿ, ಟೇಪು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಗಂಟುಗಳನ್ನೂ ಬಿಚ್ಚಿದೆ. ಹೊಸ ಬಟ್ಟೆಯೆಲ್ಲ ಒಂದು ಪೇಂಟ್ ಬಕೆಟ್ಟಿಗೆ, ಹಳೇ ಬ್ಲೌಸೆಲ್ಲ ಇನ್ನೊಂದಕ್ಕೆ.

ಸಂಜೆ ವನಜಾಕ್ಷಿ ಬಂದಳು.

“ಹೆಂಗೈತೆ?” ಎಂದೆ, ಎದೆ ಉಬ್ಬಿಸಿ.

ಅವಳು ಗೋಡೆ ನೋಡಲಿಲ್ಲ, ಖಾಲಿಯಾದ ಮೂಲೆ ನೋಡಿದಳು. “ರೀ, ಗಂಟು ಎಲ್ಲದಾವೆ?”

“ಬಿಚ್ಚಿ ವಿಂಗಡಿಸೀನಿ. ಹೊಸದು ಒಂದ್ಕಡೆ, ಹಳೇದು ಒಂದ್ಕಡೆ.”

“ಅಯ್ಯೋ ದೇವ್ರೇ! ಅವು ಹಳೇವಲ್ರೀ, ಅಳತೆ ಬ್ಲೌಸು! ಒಬ್ಬೊಬ್ರ ಬಟ್ಟೆ ಜೊತೆಗೆ ಅವರವರ ಅಳತೆ ಕಟ್ಟಿಟ್ಟಿದ್ದೆ. ಈಗ ಯಾರ ಬಟ್ಟೆ ಯಾರ ಮೈಗೆ ಹೊಲೀಲಿ? ಗಿರಾಕಿಗಳಿಗೆ ಹೆಂಗೆ ಮುಖ ತೋರಿಸ್ಲಿ?”

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ, ಅಭ್ಯಾಸವಿದೆ. ಅವಳು ಬಕೆಟ್ಟಿನ ಮುಂದೆ ಕುಕ್ಕರಿಸಿ ಒಂದೊಂದೇ ಬ್ಲೌಸು ಎತ್ತಿ ತಿರುವತೊಡಗಿದಳು. ಇರಲಾರದೆ ಇರುವೆ ಬಿಟ್ಟುಕೊಂಡವನು ನಾನು, ಕಚ್ಚಿಸಿಕೊಂಡವಳು ಅವಳು.

ಮರುದಿನ ಅಂಗಡಿಗೆ ರಜೆ ಹಾಕಿದೆ. ಅವಳು ಗಿರಾಕಿಗಳಿಗೆಲ್ಲ ಫೋನ್ ಮಾಡಿ, ಬಂದು ತಮ್ಮ ತಮ್ಮ ಗಂಟು ಮತ್ತೆ ಕಟ್ಟಿಕೊಡಿ ಎಂದು ಬೇಡಿಕೊಂಡು, ತಾನು ಒಳಗೆ ಮಿಷನ್ನಿಗೆ ಕೂತಳು. ಜಗಲಿಯ ಮೇಲೆ ಬಕೆಟ್ಟುಗಳೊಂದಿಗೆ ನಾನು ಕೂತೆ.

ಬಟ್ಟೆ ಹುಡುಕುವುದು ಸುಲಭವಾಯಿತು, ಅಳತೆ ಬ್ಲೌಸಿನದೇ ಫಜೀತಿ. ಸಣ್ಣ ಬ್ಲೌಸೊಂದಕ್ಕೆ ಮೂವರು ಕೈ ಹಾಕಿದರು. ಅದರಲ್ಲಿ ಪಕ್ಕದ ಮನೆ ಗಾದ್ರಮ್ಮನೂ ಒಬ್ಬಳು. (ಅದು ಅವಳ ತೋಳಿಗೆ ಸಾಲದು.) ದೊಡ್ಡದೊಂದನ್ನು ತೋರಿಸಿದರೆ, “ಅದು ನಂದಲ್ಲ ಕಣಪ್ಪ ಕೆಂಚೇಶಾ” ಎಂದು ಆಕಾಶ ನೋಡಿದಳು. ಎಲ್ಲರೂ ನಕ್ಕರು. ನಾಲ್ಕು ಜನ ನಕ್ಕರೆ ನನ್ನ ನಾಲಿಗೆ ನಿಲ್ಲುವುದಿಲ್ಲ. ಕೊನೆಗೆ, ಯಾರೂ ಮುಟ್ಟದ, ಮಾಸಿದ ಹಸಿರು ಬ್ಲೌಸೊಂದು ಉಳಿಯಿತು. ಎರಡೂ ಕೈಯಲ್ಲಿ ಎತ್ತಿ ಹಿಡಿದು ಹರಾಜು ಕೂಗಿದೆ:

“ಯಾರದ್ರವ್ವಾ ಈ ಗುಡಾರ? ಇದ್ರಾಗೆ ನಮ್ಮಂಗಡಿ ಸಿಮೆಂಟ್ ಚೀಲ ಎಲ್ಲಾ ಹಿಡೀತಾವೆ!”

ಜಗಲಿ ನಗೆಯಲ್ಲಿ ಮುಳುಗಿತು. ಒಳಗೆ ಮಿಷನ್ ನಿಂತಿತು. ವನಜಾಕ್ಷಿ ಬಾಗಿಲಿಗೆ ಬಂದಳು.

“ನಂದು ರೀ.”

ಗಾದ್ರಮ್ಮ ತಲೆ ತಗ್ಗಿಸಿ ಚಪ್ಪಲಿ ಹುಡುಕತೊಡಗಿದಳು.

ಬಟ್ಟೆಯ ಬಕೆಟ್ಟಿನ ತಳದಲ್ಲೂ ಒಂದು ಉಳಿದಿತ್ತು, ನೀಲಿಯದು. ಜಗಳೂರಿನಲ್ಲಿ ವನಜಾಕ್ಷಿಯ ಅಣ್ಣನ ಮಗಳ ಮದುವೆಗೆಂದು ತಂದು, ಅಳತೆಯ ಸಮೇತ ಗಂಟು ಕಟ್ಟಿಟ್ಟಿದ್ದಳಂತೆ. ಮೇಲೆ ಊರವರ ಗಂಟುಗಳು ಬೀಳುತ್ತಾ ಹೋದವು. ಆ ಮದುವೆಗೆ ಅವಳು ಹಳೇ ಬ್ಲೌಸನ್ನೇ ತೊಟ್ಟು ಬಂದಿದ್ದಳು. “ಮನೇಲಿ ಮಿಷನ್ ಇಟ್ಕಂಡು ಹೊಸದು ಹೊಲ್ಕಳ್ಳಾಕೆ ಏನಾಗಿತ್ತು?” ಎಂದು ಛತ್ರದಲ್ಲಿ ಎಲ್ಲರೆದುರು ಗದರಿದವನೂ ನಾನೇ.

ಮೊನ್ನೆ ನನ್ನ ಅಂಗಿಯ ಗುಂಡಿ ಕಿತ್ತುಹೋಯಿತು. ಮೆಲ್ಲಗೆ ಅವಳ ಹತ್ತಿರ ಹೋದೆ. ಅವಳು ಮಿಷನ್ನಿನಿಂದ ತಲೆ ಎತ್ತಲಿಲ್ಲ.

“ಸರತಿ ಐತ್ರೀ. ಮೊದ್ಲು ಗಿರಾಕಿಗಳದು ಮುಗೀಲಿ. ಆಮೇಲೆ ನಂದು. ಅದಾದ ಮ್ಯಾಲೆ ನಿಮ್ದು.”

ಅವಳ ನೀಲಿ ಗಂಟು ಮತ್ತೆ ಎಲ್ಲದರ ಅಡಿಗೆ ಸೇರಿದೆ. ದಿನಾ ಬೆಳಿಗ್ಗೆ ಅದನ್ನು ಎಳೆದು ಮೇಲಿಟ್ಟು ಹೊರಡುತ್ತೇನೆ. ಸಂಜೆ ಬರುವಷ್ಟರಲ್ಲಿ ಅದು ಅಡಿಯಲ್ಲೇ ಇರುತ್ತದೆ. ಅಂಗಿಗೆ ಪಿನ್ನು ಚುಚ್ಚಿಕೊಂಡೇ ಅಂಗಡಿಗೆ ಹೋಗುತ್ತಿದ್ದೇನೆ.