ಕೊಸರಿನ ಕೇಸು

ತೂಕ-ಅಳತೆ ಇನ್‌ಸ್ಪೆಕ್ಟರ್ ಶಾಂತರಾಜುವಿಗೆ ಬೆಳ್ಳಂಬೆಳಿಗ್ಗೆ ಚಾಮರಾಜನಗರದಿಂದ ಮೇಲಧಿಕಾರಿ ಕಿರಣ್ ಕುಮಾರ್ ಫೋನ್ ಮಾಡಿದರು. ಮೂರು ತಿಂಗಳಿಂದ ಒಂದು ಕೇಸೂ ಇಲ್ಲ, ಸಂಜೆಯೊಳಗೆ ಒಂದಾದರೂ ಬರಬೇಕು, ಇಲ್ಲದಿದ್ದರೆ ಬೀದರ್‌ಗೆ ವರ್ಗ ಎಂದರು. ಹೆಂಡತಿ ಭಾನುವಿಗೆ ಗುಂಡ್ಲುಪೇಟೆಯ ಶಾಲೆಯಲ್ಲಿ ಕೆಲಸ ಸಿಕ್ಕಿ ಇನ್ನೂ ತಿಂಗಳಾಗಿರಲಿಲ್ಲ. ಅವಳನ್ನು ಬಿಟ್ಟು ಅಷ್ಟು ದೂರ ಹೋಗುವ ಹಾಗಿರಲಿಲ್ಲ.

ಜೀಪಿನಲ್ಲಿ ಹೋದರೆ ಕಳ್ಳತಕ್ಕಡಿಗಳೆಲ್ಲ ಮೂಟೆ ಸೇರಿಬಿಡುತ್ತವೆ. ಆದ್ದರಿಂದ ತಲೆಗೆ ಟವೆಲ್ ಸುತ್ತಿ, ಕೈಚೀಲ ಹಿಡಿದು, ಬಸ್ಸು ಹತ್ತಿ ತೆರಕಣಾಂಬಿ ಸಂತೆಗೆ ಹೋದ. ತರಕಾರಿ ಮಾರುವ ದೊಡ್ಡಮಾದಮ್ಮನ ಹತ್ತಿರ ಒಂದು ಕೆಜಿ ಬದನೆಕಾಯಿ ಕೊಂಡು, ಮರೆಗೆ ಹೋಗಿ ಚೀಲದಲ್ಲಿ ತಂದಿದ್ದ ಸರ್ಕಾರಿ ತಕ್ಕಡಿಗೆ ಹಾಕಿದ. ಒಂದು ಕೆಜಿ ಇನ್ನೂರು ಗ್ರಾಂ! ಪಕ್ಕದ ಕೆಂಪಯ್ಯನ ಟೊಮೆಟೊವೂ ಅಷ್ಟೇ. ಐದು ಅಂಗಡಿ ಸುತ್ತಿದರೂ ಅದೇ ಕತೆ. ಎಲ್ಲರೂ ಸರಿಯಾಗಿ ತೂಗಿದ ಮೇಲೆ ಒಂದು ಹಿಡಿ ಕೊಸರು ಹಾಕಿದ್ದರು. ಕೊಸರಿಲ್ಲದ ವ್ಯಾಪಾರ ಅಲ್ಲಿಯವರಿಗೆ ಉಪ್ಪಿಲ್ಲದ ಸಾರಿನಂತೆ.

ಕೊಸರು ತಪ್ಪಿಸಿದರೆ ಮೋಸ ಬಯಲಾದೀತೆಂದು ಮತ್ತೆ ದೊಡ್ಡಮಾದಮ್ಮನ ಮುಂದೆ ಕೂತು ಇನ್ನೊಂದು ಕೆಜಿ ಕೇಳಿದ. ಕೊಸರು ಬೇಡ, ತೂಕ ಒಂಚೂರು ಕಡಿಮೆಯಾದರೂ ಪರವಾಗಿಲ್ಲ ಎಂದು ಅಂಗಲಾಚಿದ.

"ಕೊಸ್ರು ಬ್ಯಾಡ ಅನ್ನೋ ಗಿರಾಕಿನ ನಾ ಎಲ್ಲೂ ಕಂಡಿಲ್ಲ ಕಣಪ್ಪ. ಮನೇಲಿ ಜಗ್ಳ ಆಡ್ಕಂಡ್ ಬಂದಿದ್ದೀಯಾ?" ಎಂದು ಆಕೆ ತೂಗಿದ್ದರ ಮೇಲೆ ಇನ್ನೂ ನಾಲ್ಕು ಬದನೆಕಾಯಿ ಚೀಲಕ್ಕೆ ತುರುಕಿದಳು.

"ಒಟ್ಟೆಗಿಲ್ದೆ ತಲೆ ಕೆಟ್ಟದೆ ಬುಡಕ್ಕ," ಎಂದು ಕೆಂಪಯ್ಯ ಮರುಕದಿಂದ ಒಂದು ಕಟ್ಟು ಕೊತ್ತಂಬರಿ ಸೇರಿಸಿದ.

ಇನ್ನೇನು ಮಾಡುವುದು? ನಡೆದದ್ದನ್ನು ನಡೆದ ಹಾಗೇ ಬರೆದ. ಆರು ಕೆಜಿ ಕೊಂಡೆ, ಏಳು ಕೆಜಿಗೂ ಮೇಲೆ ಬಂತು, ಮೋಸ ಎಲ್ಲೂ ಇಲ್ಲ. ಸತ್ಯಕ್ಕೆ ಸಾಹೇಬರು ಕರಗಿಯಾರೆಂಬ ಆಸೆಯಿಂದ ಚೀಲದ ಸಮೇತ ಚಾಮರಾಜನಗರಕ್ಕೆ ಹೋದ.

ಕಿರಣ್ ಕುಮಾರ್ ಮೊಬೈಲಿನಲ್ಲೇ ತರಕಾರಿ ತರಿಸಿಕೊಳ್ಳುವವರು. ವರದಿಯನ್ನು ಎರಡು ಸಲ ಓದಿದರು. ಮುಖ ಅರಳಿತು.

"ಆರು ಕೆಜಿಗೆ ದುಡ್ಡು ಕೊಟ್ಟಿದ್ದೀರಿ. ಮಿಕ್ಕಿದ್ದನ್ನ ವ್ಯಾಪಾರಸ್ಥರು ಇನ್‌ಸ್ಪೆಕ್ಟರಿಗೆ ಯಾಕೆ ಕೊಟ್ಟರು?"

"ಅದು ಕೊಸರು ಸಾರ್. ಎಲ್ಲರಿಗೂ ಕೊಡ್ತಾರೆ."

"ಕಾನೂನಲ್ಲಿ ಕೊಸರು ಅಂತ ಇಲ್ಲ ಶಾಂತರಾಜು. ಇದಕ್ಕೆ ಲಂಚ ಅಂತಾರೆ."

ಅಲ್ಲೇ ಕೇಸು ತಯಾರಾಯಿತು. ಅದರ ಬೆನ್ನಿಗೇ, ಲಂಚದ ಆರೋಪಿಯೆಂದು, ಬೀದರ್‌ಗೆ ವರ್ಗದ ಆದೇಶವೂ ಬಂತು. ಶಾಂತರಾಜು ಆರೋಪಿಯ ಜಾಗದಲ್ಲಿ ಸಹಿ ಹಾಕಿ ಏಳಹೊರಟ. ಸಾಹೇಬರು ಕೂರಿಸಿ, ಮೇಲಿನ ಸಾಲಿಗೆ ಬೆರಳಿಟ್ಟರು.

"ದೂರುದಾರ ಅಂತ ಇದೆಯಲ್ಲ, ಅಲ್ಲೂ ನೀವೇ ಹಾಕಿ. ವರದಿ ಕೊಟ್ಟಿದ್ದು ನೀವೇ ತಾನೆ? ಕೇಸು ನಿಮ್ಮ ಲೆಕ್ಕಕ್ಕೇ ಸೇರಲಿ."