ಚಿತ್ರದ ಪುಸ್ತಕ ನೋಡಿ ರುಕ್ಮಿಣಿಯ ಸೀರೆ ನೇಯ್ದದ್ದು

ನನಗೆ ಅಕ್ಷರ ಅಷ್ಟಕ್ಕಷ್ಟೆ. ಬಸ್ಸಿನ ಬೋರ್ಡಿನ ಮೇಲೆ ‘ಜಮಖಂಡಿ’ ಎಂದು ನಾನು ಓದಿ ಮುಗಿಸುವಷ್ಟರಲ್ಲಿ ಬಸ್ಸು ಜಮಖಂಡಿ ಮುಟ್ಟಿರುತ್ತದೆ. ಆದರೆ ಸೀರೆ? ಬನಹಟ್ಟಿಯಲ್ಲೇ ಹುಟ್ಟಿ, ಬನಹಟ್ಟಿಯಲ್ಲೇ ಮದುವೆಯಾಗಿ, ಐವತ್ತು ವರ್ಷ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವಳು ನಾನು. ಯಾವುದೇ ಸೀರೆಯ ಮೇಲೆ ಕೈಯಾಡಿಸಿದರೆ ಸಾಕು, ನೇಯ್ದವಳು ಎಲ್ಲಿ ಆಕಳಿಸಿದಳು, ಎಲ್ಲಿ ಗಂಡನ ಜೊತೆ ಜಗಳ ತೆಗೆದಳು, ಎಲ್ಲ ಹೇಳಬಲ್ಲೆ. ಇಂಥ ನನಗೆ ಚಿತ್ರದಲ್ಲಿರುವ ಒಂದು ಸೀರೆ ನೇಯುವುದು ಯಾವ ದೊಡ್ಡ ಕೆಲಸ!

ಮೊಮ್ಮಗಳು ಸುವರ್ಣಾಳ ಮದುವೆ ಮುಧೋಳದ ಹುಡುಗನ ಜೊತೆ ಗೊತ್ತಾಗಿತ್ತು. ಮಾತುಕತೆಯ ದಿನ ಹುಡುಗನ ತಾಯಿ, ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ಮದುಮಗಳು ಉಡುವ ಸೀರೆ ನಾವೇ ತರುತ್ತೇವೆ ಎಂದಳು. ನನ್ನ ಮೈ ಉರಿಯಿತು. ನೇಕಾರರ ಮನೆಗೆ ಸೀರೆ ತರುತ್ತಾಳಂತೆ!

“ನೀವೇನೂ ತರಬ್ಯಾಡ್ರಿ ಬೀಗತಿ. ನಮ್ಮ ಹುಡುಗಿ ನಾ ನೇಯ್ದ ಸೀರಿ ಉಟ್ಟೇ ಅಕ್ಕಿಕಾಳಿಗೆ ನಿಂದರತಾಳ,” ಎಂದುಬಿಟ್ಟೆ. ಹಿರಿಯರ ಮುಂದೆ ಆಡಿದ ಮಾತು. ಇನ್ನು ತಿರುಗಿಸುವಂತಿಲ್ಲ.

ಮರುದಿನ ಸುವರ್ಣಾ ಒಂದು ಚಿತ್ರದ ಪುಸ್ತಕ ತಂದು ನನ್ನ ಮಡಿಲಲ್ಲಿ ಹಾಕಿದಳು. ರುಕ್ಮಿಣಿಯ ಕಥೆ. ಹಾಳೆಗೆ ಆರು ಚೌಕ, ಚೌಕಕ್ಕೊಂದು ಚಿತ್ರ, ಮಾತಾಡುವವರ ಬಾಯಿಂದ ಬಿಳಿ ಗುಳ್ಳೆ ಎದ್ದು ಅದರೊಳಗೆ ಅಕ್ಷರ.

“ಆಯಿ, ರುಕ್ಮಿಣಿ ಗುಡಿಗೆ ಹೋಗೂಮುಂದ ಉಟ್ಟಾಳಲ್ಲ, ನನಗ ಇದೇ ಸೀರಿ ಬೇಕು.”

“ಆಕಿ ಗುಡಿಯಿಂದ ಓಡಿ ಹೋದಾಕಿ ಬೇ! ನೀ ಓಡೂದೇನೂ ಬ್ಯಾಡ, ಮುಧೋಳಕ್ಕ ಬಸ್ಸೈತಿ.”

ನಾವು ಚಿಕ್ಕವರಿದ್ದಾಗ ಪುರಾಣ ಹೇಳುವವರು ‘ರುಕ್ಮಿಣಿ ರಥ ಹತ್ತಿದಳು’ ಎನ್ನುತ್ತಿದ್ದರು. ಯಾವ ಸೀರೆ ಎಂದು ಹೇಳುತ್ತಿರಲಿಲ್ಲ. ಕೇಳುವವರು ತಮಗೆ ಬೇಕಾದ್ದು ಉಡಿಸಿಕೊಳ್ಳಬಹುದಿತ್ತು. ನನ್ನ ರುಕ್ಮಿಣಿ, ಆ ದಿನ ನಮ್ಮ ಮಗ್ಗದ ಮೇಲೆ ಯಾವುದಿತ್ತೋ ಅದನ್ನೇ ಉಟ್ಟು ರಥ ಹತ್ತುತ್ತಿದ್ದಳು. ಈಗ ಪುಸ್ತಕದವರು ಬಣ್ಣ ಹಚ್ಚಿ ಕೊಟ್ಟಿದ್ದಾರೆ. ಹಸಿರು ಒಡಲು, ಕೆಂಪು ಅಂಚು, ನಾವು ದಡಿ ಎನ್ನುತ್ತೇವೆ. ಆಗಲಿ, ನಮಗೇನು!

ಸುವರ್ಣಾ ಒಂದು ತಿಂಗಳ ಮಟ್ಟಿಗೆ ತೇರದಾಳದ ಸೋದರಮಾವನ ಮನೆಗೆ ಹೋದಳು. ಹೋಗುವಾಗ ಪುಸ್ತಕವನ್ನೂ ಒಯ್ದಳು. ಅಂಥದ್ದೇ ಇನ್ನೊಂದು ತರಲು ನಮ್ಮ ಮನೆಯವರನ್ನು ಜಮಖಂಡಿಗೆ ಅಟ್ಟಿದೆ. ಅವರು ಬಸ್ ಸ್ಟ್ಯಾಂಡಿನ ಹತ್ತಿರ ನೆಲದ ಮೇಲೆ ಸುರಿದ ರಾಶಿಯಲ್ಲಿ ಅದೇ ಪುಸ್ತಕ ಹೆಕ್ಕಿ ತಂದರು. ಅಂಗಡಿ ಬಿಟ್ಟು ಅದು ನೆಲಕ್ಕೆ ಯಾಕೆ ಬಂತು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು!

ಅವರ ಚಷ್ಮಾ ಕಿತ್ತುಕೊಂಡು ಹಾಕಿ ನೋಡಿದೆ. ಇದು ಸಾದಾ ಸೀರೆ ಅಲ್ಲವೇ ಅಲ್ಲ!

“ರೀ, ಈ ಕಡೆ ದಡಿಗೂ ಒಡಲಿಗೂ ನಡುವ ಬಿಳಿ ಪಟ್ಟಿ ಐತಿ. ಆ ಕಡೆ ದಡಿ ಒಡಲ ಮ್ಯಾಲ ಹತ್ತಿ ಕುಂತೈತಿ. ಎರಡೂ ದಡಿ ಬ್ಯಾರೆ ಬ್ಯಾರೆ!”

“ಏ ಇವಳ, ಏನೋ ತಪ್ಪಾಗೇತಿ. ನೋಡಿಲ್ಲೆ, ರುಕ್ಮಿಣಿ ತುಟಿ ಕೆಂಪು ಗಲ್ಲದ ಮ್ಯಾಲೈತಿ.”

“ಎಲಿ ಅಡಿಕಿ ತಿಂದಾಳ. ಒರಿಸಿಕೊಂಡಿಲ್ಲ.”

“ಕೃಷ್ಣನ ನೀಲಿ ಮೈ ಬಿಟ್ಟ ಹೊರಗ ಬಂದೈತಿ.”

“ದೇವರ ಐತ್ರಿ ಅದು! ಅಷ್ಟ ಕಾಂತಿ ಒಂದ ಮೈಯಾಗ ಹಿಡಸತೈತೇನು?”

ಅವರು ಸುಮ್ಮನೆ ಎದ್ದು ಹಾಸಿನ ನೂಲು ಜೋಡಿಸಲು ಹೋದರು. ಐವತ್ತು ವರ್ಷದ ಸಂಸಾರದಲ್ಲಿ ಅವರು ಕಲಿತ ವಿದ್ಯೆ ಅದೊಂದೇ.

ಮುಂದಿನ ಹಾಳೆಯಲ್ಲಿ ಇನ್ನೊಂದು ಸೋಜಿಗ. ಗುಡಿಯಲ್ಲಿ ಹಸಿರಾಗಿದ್ದ ಸೀರೆ ರಥದಲ್ಲಿ ನೀಲಿ! ಹಿಂದೆ ವೈರಿಗಳು ಬೆನ್ನಟ್ಟಿರುವಾಗ ಯಾವ ಹೆಂಗಸು ಸೀರೆ ಬದಲಿಸುತ್ತಾಳೆ? ಆದರೆ ನಾನು ಸೋಲುವವಳೇ? ಉದ್ದಕ್ಕೆ ಹಾಸಿನ ಎಳೆ ಹಸಿರು, ಅಡ್ಡಕ್ಕೆ ಹೊಕ್ಕಿನ ಎಳೆ ನೀಲಿ. ಬಿಸಿಲಿಗೆ ಹಿಡಿದರೆ ಹಸಿರು, ನೆರಳಿಗೆ ಬಂದರೆ ನೀಲಿ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಅಷ್ಟಕ್ಕೆ ನಿಂತಿದ್ದರೂ ಆಗುತ್ತಿತ್ತು. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದಾಗ ಸೆರಗಿನ ತುಂಬ ಸಾಸಿವೆಯಂಥ ಚುಕ್ಕಿ ಕಂಡವು.

“ಚುಕ್ಕಿ ಕುದರಿ ಮೈಮ್ಯಾಲೂ ಅದಾವಲ್ಲ?” ಎಂದರು ಇವರು.

“ಅರಮನಿ ಕುದರಿ. ಝೂಲ ಹೊಚ್ಚ್ಯಾರ.”

“ಆಕಾಶದಾಗೂ ಅದಾವು.”

“ನೀವು ಚಾ ಕುಡೀರಿ.”

ಒಂದೊಂದು ಚುಕ್ಕಿಗೂ ಕೈಯಿಂದ ಎಳೆ ಸೇರಿಸಬೇಕು. ಎಂಟು ದಿನದ ಸೀರೆ ಒಂದು ತಿಂಗಳು ಹಿಡಿಯಿತು. ಕುತ್ತಿಗೆ ಸೆಟೆದು, ಯಾರು ಕರೆದರೂ ಪೂರ್ತಿ ಮೈಯನ್ನೇ ತಿರುಗಿಸುವ ಹಾಗಾಯಿತು. ಪಕ್ಕದ ಮನೆಯ ನೀಲವ್ವ ಇಣುಕಿ ನೋಡಿ, “ಕಾಕೂ, ದಡಿ ತಪ್ಪೈತಲ್ಲ?” ಎಂದಳು.

“ನೀ ರುಕ್ಮಿಣೀನ ನೋಡೀಯೇನ?”

“ಇಲ್ಲಬೇ.”

“ನಾ ನೋಡೇನಿ. ನಡಿ ಮನಿಗೆ.”

ಮದುವೆಗೆ ಎರಡು ದಿನ ಇರುವಾಗ ಸುವರ್ಣಾ ಬಂದಳು. ನಾನು ಸೀರೆ ಬಿಚ್ಚಿ ಹರವಿದೆ. ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ತನ್ನ ಪುಸ್ತಕ ತೆಗೆದು ನನ್ನ ಪುಸ್ತಕದ ಪಕ್ಕದಲ್ಲಿಟ್ಟಳು. ಅವಳ ರುಕ್ಮಿಣಿಗೆ ತುಟಿ ತುಟಿಯಲ್ಲೇ ಇತ್ತು. ದಡಿ ಎರಡೂ ಒಂದೇ. ರಥದಲ್ಲೂ ಸೀರೆ ಹಸಿರೇ!

“ಆಯಿ, ನಿಂದು ಅಚ್ಚು ಸರದ ಪುಸ್ತಕ. ಬಣ್ಣ ಎಲ್ಲಾ ಬಾಜೂಕ ಬಿದ್ದಾವ. ಈ ಹಾಳ್ಯಾಗ ಹಳದಿ ಬಿದ್ದೇ ಇಲ್ಲ, ಅದಕ್ಕ ಹಸರು ನೀಲಿ ಆಗೇತಿ.”

“ಕೃಷ್ಣನ ಕಾಂತಿ?”

“ಅದೂ ಸರದೈತಿ.”

“ಮತ್ತ ಈ ಚುಕ್ಕಿ? ನಿನ್ನ ಪುಸ್ತಕದಾಗೂ ಅದಾವಲ್ಲ!”

“ಬಣ್ಣದ ಅಚ್ಚು ಹಾಕೂದೇ ಸಣ್ಣ ಸಣ್ಣ ಚುಕ್ಕಿಲೆ, ಆಯಿ.”

ನಾನು ಕೂತೆ. ಇವರು ಬಂದು ತಮ್ಮ ಚಷ್ಮಾ ವಾಪಸು ತೆಗೆದುಕೊಂಡರು!

ನನ್ನ ಮಗ, ಸುವರ್ಣಾಳ ಅಪ್ಪ, ಅಂಗಡಿಯಿಂದ ಬೇರೆ ಸೀರೆ ತರುತ್ತೇನೆ ಎಂದು ಚಪ್ಪಲಿ ಮೆಟ್ಟಿದ. ಸುವರ್ಣಾ ತಡೆದಳು. “ಬ್ಯಾಡಪ್ಪಾ. ಆಯಿ ಮಾತ ಕೊಟ್ಟಾಳ. ಇದನ್ನೇ ಉಡತೀನಿ. ಆದರ ಅಕ್ಕಿಕಾಳು ಬೀಳೂತನಕಾ ನನ್ನ ಹತ್ತರ ಯಾರನ್ನೂ ಬಿಡಬ್ಯಾಡ್ರಿ.”

ಮದುವೆಯಲ್ಲಿ ಮದುಮಗಳ ಹತ್ತಿರ ಯಾರನ್ನೂ ಬಿಡದೆ ಇರುವುದು ಹೇಗೆ? ಅವಳು ನಿಂತಳು. ಆ ಬಿಳಿ ಪಟ್ಟಿ ಸರಿಯಾಗಿ ಪಾದದ ಹತ್ತಿರ ಬಂತು. ಹಸಿರು ಸೀರೆ ಅಲ್ಲಿಗೇ ಮುಗಿದು, ಕೆಳಗೆ ಕೆಂಪು ದಡಿಯ ಬಿಳಿ ಲಂಗ ಇಣುಕಿದ ಹಾಗೆ ಕಂಡಿತು. ಮೊದಲು ಅವಳ ಚಿಕ್ಕಮ್ಮ ಬಗ್ಗಿ ಸೀರೆಯನ್ನು ಕೆಳಗೆ ಜಗ್ಗಿದಳು. “ಲಂಗ ಕಾಣಾಕತ್ತೈತಿ!” ಹಿಂದಿನಿಂದ ಸೋದರತ್ತೆ ಜಗ್ಗಿದಳು. ಗುರುತು ಪರಿಚಯವಿಲ್ಲದ ಮುಧೋಳದ ಇಬ್ಬರು ಹೆಂಗಸರೂ ಪುಣ್ಯ ಬರಲೆಂದು ಒಂದೊಂದು ಸಲ ಜಗ್ಗಿದರು. ಸೊಂಟದ ನಿರಿಗೆ ಸಡಿಲಾಗಿ ಸುವರ್ಣಾ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು. “ಮದಲ ಸೀರಿ ನಿಂದರಸ್ರಿ, ಆಮ್ಯಾಲ ಮಂತ್ರ,” ಎಂದು ಅಯ್ಯನವರು ಬಾಯಿ ಮುಚ್ಚಿದರು.

ಆಗ ಬೀಗತಿಯೇ ಬಂದು ಬಗ್ಗಿದಳು. ಸುವರ್ಣಾಗೆ ತಡೆಯಲಾಗಲಿಲ್ಲ. “ಅತ್ತಿ, ಅದು ಲಂಗ ಅಲ್ರಿ! ನಮ್ಮ ಆಯಿ ನೇಯ್ದ ದಡಿ!”

“ದಡಿ?” ಎಂದಳು ಬೀಗತಿ. ಹಂದರ ತುಂಬ ಕೇಳಿಸಿತು. ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಬೇರೆ ಕಡೆ ನೋಡಲೂ ಆಗಲಿಲ್ಲ, ಕುತ್ತಿಗೆ ಸೆಟೆದಿತ್ತು!

ಹೇಗೋ ಅಕ್ಕಿಕಾಳು ಬಿದ್ದವು. ಊಟವಾದ ಮೇಲೆ ಬೀಗತಿ ನನ್ನ ಪಕ್ಕ ಬಂದು ಕೂತಳು. ಸುವರ್ಣಾಳ ಸೆರಗಿನ ಚುಕ್ಕಿಗಳ ಮೇಲೆ ಬಹಳ ಹೊತ್ತು ಕೈಯಾಡಿಸಿ ಬಂದಿದ್ದಳಂತೆ. “ಕೈ ಛಲೋ ಐತ್ರಿ ನಿಮ್ಮದು. ಖರೆ ಹೇಳತೀನಿ. ಇನ್ನೊಂದ ಸೀರಿ ನೇಯ್ದ ಕೊಡ್ರಿ.”

ನಾನು ಉಬ್ಬಿದೆ. “ನಿಮಗೇನ್ರಿ?”

“ನನಗಲ್ರಿ. ನಮ್ಮ ಅತ್ತಿ ಅದಾಳಲ್ಲ, ಆ ಮುದುಕಿಗೆ. ಎರಡೂ ಕಣ್ಣಿಗೆ ಪೊರಿ ಬಂದಾವ, ಹ್ಯಾಂಗಿದ್ದರೂ ನಡೀತೈತಿ.”

ಒಪ್ಪಿಕೊಂಡೆ. ಮತ್ತೇನು ಮಾಡಲಿ? ಈ ಸಲ ಯಾವ ಪುಸ್ತಕವನ್ನೂ ನೋಡದೆ ನೇಯ್ದೆ. ದಡಿ ಎರಡೂ ಒಂದೇ ಸಮ, ಒಂದು ಎಳೆ ಹೆಚ್ಚಿಲ್ಲ, ಕಡಿಮೆ ಇಲ್ಲ. ನನ್ನ ಜನ್ಮದಲ್ಲೇ ಅಂಥ ಸೀರೆ ನೇಯ್ದಿರಲಿಲ್ಲ.

ಉಟ್ಟವಳಿಗೆ ಕಾಣಿಸಲಿಲ್ಲ!