ರಾಜ್ಯಶಾಸ್ತ್ರದ ಕೊನೆಯ ಪಿರಿಯಡ್

ಕಲಿಸಿದ್ದನ್ನು ಹುಡುಗರು ಮರೆಯುತ್ತಾರೆಂದು ಗೋಳಾಡುವ ಮಾಸ್ತರರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನೆನಪಿಟ್ಟುಕೊಂಡರೆ ಏನಾಗುತ್ತದೆಂದು ಅವರಿಗೇನು ಗೊತ್ತು! ಮೊದಲೇ ರಾಜ್ಯಶಾಸ್ತ್ರದವನಿಗೆ ಮರ್ಯಾದೆ ಕಡಿಮೆ. ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ, “ಸರ, ಈ ಸಲ ಯಾರ್ ಆರಿಸಿ ಬರ್ತಾರ?” ಎನ್ನುತ್ತಾರೆ. ನಾನೇನು ಗಿಳಿಶಾಸ್ತ್ರ ಕಲಿಸುತ್ತೇನೆಯೇ?

ನನ್ನ ಮನೆ ಹಳಿಯಾಳದಲ್ಲಿ, ಕಾಲೇಜು ದಾಂಡೇಲಿಯಲ್ಲಿ. ನಿದ್ದೆ ಮುಗಿಸಿ, ಉಂಡು, ಆರಾಮಾಗಿ ಹೊರಡಲು ಅನುಕೂಲವೆಂದು ಬಿ.ಎ. ಮೊದಲ ವರ್ಷದ ಕೊನೆಯ ಪಿರಿಯಡನ್ನು ನಾನೇ ಕೇಳಿ ಪಡೆದಿದ್ದೆ. ಅಧಿಕಾರ, ಸಮ್ಮತಿ, ಬಹುಮತ ಎಲ್ಲವನ್ನೂ ಬಾಯಿ ನೋಯುವಂತೆ ವಿವರಿಸಿದೆ. “ಪ್ರಶ್ನೆ ಕೇಳ್ರಿ” ಎಂದು ಹುರಿದುಂಬಿಸಿದವನೂ ನಾನೇ.

ಒಂದು ದಿನ ಕುಂಬಾರವಾಡದ ಸಾವಿತ್ರಿ ಎದ್ದು ನಿಂತಳು. “ಸರ, ನಿಮ್ಮ ಕ್ಲಾಸು ಬಿಡೂದ್ರಾಗ ನಮ್ಮೂರ ಕೊನೀ ಬಸ್ ಹೋಗಿರ್ತೈತ್ರಿ. ಮೊನ್ನೆ ಬಸ್ ತಪ್ಪಿ ಗೆಳತಿ ಮನ್ಯಾಗ ಉಳದ್ನಿ. ಇನ್ನೊಮ್ಮೆ ಹಿಂಗಾದ್ರ ಕಾಲೇಜ್ ಬಿಡಸ್ತೇನಿ ಅಂದಾನ್ರಿ ಅಪ್ಪ. ಕ್ಲಾಸು ಮುಂಜಾನಿ ತಗೋರಿ.”

ಮುಂಜಾನೆ! ನನ್ನ ನಿದ್ದೆಯ ಗತಿಯೇನು? ಆದರೂ ಧೈರ್ಯ ಬಿಡಲಿಲ್ಲ. ದೂರದ ಊರಿನವರು ನಾಲ್ಕೇ ಜನ. ಉಳಿದವರೆಲ್ಲ ದಾಂಡೇಲಿಯವರು, ನನ್ನಂತೆಯೇ ತಡವಾಗಿ ಏಳುವವರು. “ಸರಿ, ಮತಕ್ಕೆ ಹಾಕೂಣು” ಎಂದೆ, ದೊಡ್ಡ ಪ್ರಜಾಪ್ರಭುತ್ವವಾದಿಯ ಠೀವಿಯಲ್ಲಿ.

ಇಡೀ ತರಗತಿ ಕೈ ಎತ್ತಿತು.

ದಾಂಡೇಲಿಯಲ್ಲೇ ಇರುವ ಅಂಬೇವಾಡಿಯ ಪ್ರಕಾಶನೂ ಎತ್ತಿದ್ದ. ನನಗೆ ತಡೆಯಲಾಗಲಿಲ್ಲ. “ನಿನ್ನ ಮನಿ ಇಲ್ಲೇ ಐತಲ್ಲೋ, ನಿನಗೇನಾಗೇತಿ?”

“ಬಹುಮತ ಅಂದ್ರ ತಮ್ಮ ಅನುಕೂಲ ಅಷ್ಟ ನೋಡೂದಲ್ಲ ಅಂತ ನೀವ ಹೇಳಿದ್ರಲ್ರೀ ಸರ.”

ಹೇಳಿದ್ದೆ, ನಿಜ. ಹೇಳಿದ್ದನ್ನೆಲ್ಲ ಹೀಗೆ ಅಕ್ಷರಶಃ ಹಿಡಿಯುವುದೇ? ಮೇಜು ಕುಟ್ಟಿ ಕೂಗಿದೆ: “ಇಲ್ಲಿ ಮಾಸ್ತರ್ ಯಾರು? ನಾನೋ, ನೀವೋ? ನಾ ಹೇಳಿದ ಹೊತ್ತಿಗೇ ಕ್ಲಾಸು!”

ಸಾವಿತ್ರಿ ಕುಚೋದ್ಯ ಮಾಡುವ ಹುಡುಗಿಯಲ್ಲ. ಪೆನ್ನು ಹಿಡಿದು, ನಿಜವಾಗಿಯೂ ತಿಳಿಯುವ ಆಸೆಯಿಂದ ಕೇಳಿದಳು: “ಸರ, ಇದಕ್ಕ ಅಧಿಕಾರ ಅನಬೇಕೋ, ಬರೇ ದಬ್ಬಾಳಿಕಿ ಅನಬೇಕ್ರೀ?”

ಯಾರೂ ನಗಲಿಲ್ಲ. ನಕ್ಕಿದ್ದರೆ ಬೈದು ಪಾರಾಗುತ್ತಿದ್ದೆ. ಎಲ್ಲರೂ ಉತ್ತರಕ್ಕೆ ಕಾದಿದ್ದರು. ನಾನು ಸೀಮೆಸುಣ್ಣ ಕೆಳಗಿಟ್ಟು ಪ್ರಾಚಾರ್ಯರ ಕೋಣೆಗೆ ನಡೆದು, ಮೊದಲ ಪಿರಿಯಡ್ ಬೇಡಿಕೊಂಡೆ.

ಈಗ ಅರೆನಿದ್ದೆಯಲ್ಲಿ ದಾಂಡೇಲಿ ಬಸ್ಸಿನ ಕಂಬಿಗೆ ಜೋತುಬೀಳುತ್ತೇನೆ. ಸಾವಿತ್ರಿ ಮುಂದಿನ ಬೆಂಚಿನಲ್ಲಿ ಕುಳಿತಿರುತ್ತಾಳೆ. ಅವಳ ಅಪ್ಪ ಸುಮ್ಮನಾಗಿದ್ದಾನೆ. ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಪಠ್ಯದಲ್ಲಿ ಇನ್ನು ಉಳಿದಿರುವುದು ಕ್ರಾಂತಿಯ ಪಾಠ. ಅದನ್ನು ಮನೆಯಲ್ಲೇ ಓದಿಕೊಳ್ಳಿರಿ ಎಂದುಬಿಟ್ಟಿದ್ದೇನೆ.